ಎರಡು ಹೆಸರಿನ ಒಬ್ಬ ಲೇಖಕಿ

1955ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅವರೆಕಾಳಿನ ಬಗ್ಗೆ ಒಂದು ಪುಟ್ಟ ಟಿಪ್ಪಣಿ ಅಚ್ಚಾಯಿತು. ಭಾರತದ ಅವರೆಯಲ್ಲಿ ಮತ್ತು ಡಬಲ್ ಬೀನ್ಸಿನಲ್ಲಿ ಟ್ರಿಪ್ಸಿನ್ ಎಂಬ ಜೀರ್ಣಕಿಣ್ವವನ್ನು ತಡೆಯುವ ಪ್ರೋಟೀನುಗಳಿವೆ, ಅವನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿದ್ದೇವೆ ಎಂಬುದು ಅದರ ಸಾರ. ಲೇಖಕರು ಇಬ್ಬರು: ಕೆ. ಸೋಹೋನಿ ಮತ್ತು ಕೆ. ಎಸ್. ಅಂಬೆ. ಮುಂಬೈಯಿಂದ ಬಂದ ಬರಹ. ‘ಕೆ.’ ಎಂದರೆ ಗಂಡೋ ಹೆಣ್ಣೋ ಎಂದು ಓದುವವರಿಗೆ ತಿಳಿಯುವ ಹಾಗಿಲ್ಲ.

ಸಂಕೇಶ್ವರದ ನಮ್ಮ ಮನೆಯಲ್ಲಿ ಅವರಿಕಾಳು ಎಂದರೆ ಆಯಿಯ ಕಟ್ಟಳೆ. ರಾತ್ರಿ ನೆನೆಯಿಡಬೇಕು, ಬೆಳಿಗ್ಗೆ ಆ ನೀರು ಚೆಲ್ಲಬೇಕು, ಆಮೇಲೆ ಚೆನ್ನಾಗಿ ಕುದಿಸಬೇಕು. ಸಣ್ಣವರಿದ್ದಾಗ ನಾವು ನೆನೆದ ಕಾಳನ್ನು ಹಾಗೇ ಬಾಯಿಗೆ ಹಾಕಿಕೊಂಡರೆ “ಹಸೀವು ತಿನಬ್ಯಾಡ್ರಿ, ಹೊಟ್ಟಿ ನೋಯತೈತಿ” ಎಂದು ಕೈಮೇಲೆ ಹೊಡೆಯುತ್ತಿದ್ದಳು. ಆಯಿಗೆ ಗೊತ್ತಿದ್ದದ್ದು ಹೊಟ್ಟೆ ನೋವು. ಅದರ ಹಿಂದಿನ ಕಾರಣಗಳಲ್ಲಿ ಒಂದನ್ನು ‘ನೇಚರ್’ನ ಆ ಟಿಪ್ಪಣಿ ಹಿಡಿದು ತೋರಿಸಿತ್ತು. ನಾವು ತಿಂದ ಪ್ರೋಟೀನನ್ನು ಒಡೆಯಲು ಮೇದೋಜೀರಕ ಗ್ರಂಥಿಯಿಂದ ಬರುವ ಕಿಣ್ವಗಳಲ್ಲಿ ಟ್ರಿಪ್ಸಿನ್ ಮುಖ್ಯವಾದದ್ದು. ಬೇಯಿಸದ ಕಾಳಿನಲ್ಲಿರುವ ಈ ತಡೆಕಾರಿ ಪ್ರೋಟೀನು ಹೋಗಿ ಟ್ರಿಪ್ಸಿನ್ನಿಗೆ ಅಂಟಿಕೊಂಡು ಅದರ ಕೆಲಸ ನಿಲ್ಲಿಸುತ್ತದೆ. ಕಾಳಿನಲ್ಲಿ ಪ್ರೋಟೀನು ಎಷ್ಟಿದ್ದರೂ ಮೈಗೆ ದಕ್ಕುವುದು ಕಡಿಮೆ. ಬೇಯಿಸಿದಾಗ ಆ ತಡೆಕಾರಿ ಬಹುಮಟ್ಟಿಗೆ ಶಕ್ತಿ ಕಳೆದುಕೊಳ್ಳುತ್ತದೆ. ಬೇಯಿಸದ ಸೋಯಾ ತಿಂದ ಇಲಿಗಳು ಸರಿಯಾಗಿ ಬೆಳೆಯುವುದಿಲ್ಲ, ಬೇಯಿಸಿ ಕೊಟ್ಟರೆ ಬೆಳೆಯುತ್ತವೆ ಎಂದು ಅಮೆರಿಕದ ಆಸ್ಬಾರ್ನ್ ಮತ್ತು ಮೆಂಡೆಲ್ 1917ರಲ್ಲೇ ತೋರಿಸಿದ್ದರು. ಸೋಯಾದ ತಡೆಕಾರಿಯನ್ನು 1940ರ ದಶಕದಲ್ಲಿ ಕುನಿಟ್ಜ್ ಹರಳಾಗಿಸಿದರು. ನಮ್ಮ ಅವರೆಗೆ ಆ ಕೆಲಸ ಮಾಡಿದ್ದು ಸೋಹೋನಿ ಮತ್ತು ಅಂಬೆ.

ನಾನು ವಿಜ್ಞಾನದ ವಿದ್ಯಾರ್ಥಿನಿಯಲ್ಲ. ನನ್ನ ಪಿಎಚ್.ಡಿ. ಇತಿಹಾಸದಲ್ಲಿ. ಈ ಲೇಖಕಿಯ ಹಿಂದೆ ಬಿದ್ದದ್ದು ಬೇರೆ ಕಾರಣಕ್ಕೆ, ಅದನ್ನು ಮುಂದೆ ಹೇಳುತ್ತೇನೆ. ಮೊದಲು ನೋಟ್‌ಬುಕ್ಕಿನಲ್ಲಿ ಅವರ ಪ್ರಬಂಧಗಳ ಪಟ್ಟಿ ಬರೆಯಲು ಕುಳಿತಾಗ ಒಂದು ವಿಚಿತ್ರ ಎದುರಾಯಿತು. ಕೆ. ಸೋಹೋನಿ ಎಂಬ ಜೀವರಸಾಯನ ವಿಜ್ಞಾನಿ 1950ರ ದಶಕದಲ್ಲಿ ಎಲ್ಲಿಂದಲೋ ಒಮ್ಮೆಲೇ ಇಳಿದು ಬಂದಂತೆ ಕಾಣುತ್ತಾರೆ. ಕೆ. ಭಾಗವತ್ ಎಂಬ ಇನ್ನೊಬ್ಬ ಜೀವರಸಾಯನ ವಿಜ್ಞಾನಿ 1935ರಿಂದ 1939ರವರೆಗೆ ಬಿರುಸಾಗಿ ಬರೆದು, 1951ರಲ್ಲಿ ಒಮ್ಮೆ ತಲೆ ಎತ್ತಿ, ಆಮೇಲೆ ಮಾಯವಾಗುತ್ತಾರೆ. ಇಬ್ಬರೂ ಒಬ್ಬರೇ: ಕಮಲಾ ಸೋಹೋನಿ, ಮದುವೆಗೆ ಮುಂಚೆ ಕಮಲಾ ಭಾಗವತ್.

ಇವರ ಕಥೆಯಲ್ಲಿ ಜನ ಬಲ್ಲ ಭಾಗ ಬೆಂಗಳೂರಿನದು. ಹುಟ್ಟಿದ್ದು 1911ರಲ್ಲಿ. ತಂದೆ ನಾರಾಯಣರಾವ್ ಭಾಗವತ್ ಮತ್ತು ಚಿಕ್ಕಪ್ಪ ಮಾಧವರಾವ್ ಇಬ್ಬರೂ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಇವತ್ತಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ರಸಾಯನಶಾಸ್ತ್ರ ಕಲಿತವರು. ಮಗಳೂ ಅಲ್ಲೇ ಕಲಿಯಬೇಕೆಂದು 1933ರಲ್ಲಿ ಮುಂಬೈ ವಿಶ್ವವಿದ್ಯಾಲಯದ ಬಿ.ಎಸ್ಸಿ.ಯಲ್ಲಿ ಮೊದಲ ಸ್ಥಾನ ಪಡೆದು ಅರ್ಜಿ ಹಾಕಿದರು. ಆಗ ಸಂಸ್ಥೆಯ ನಿರ್ದೇಶಕರು ಸಿ. ವಿ. ರಾಮನ್. ಹೆಣ್ಣು ಎಂಬ ಕಾರಣಕ್ಕೆ ಅರ್ಜಿ ತಿರಸ್ಕೃತವಾಯಿತು. ಕಮಲಾ ಬೆಂಗಳೂರಿಗೆ ಹೋಗಿ ಪಟ್ಟು ಹಿಡಿದು ಕುಳಿತರು. ಕೊನೆಗೆ ರಾಮನ್ ಷರತ್ತು ಹಾಕಿ ಸೇರಿಸಿಕೊಂಡರು. ಮೊದಲ ವರ್ಷ ಅವರು ರೆಗ್ಯುಲರ್ ವಿದ್ಯಾರ್ಥಿನಿಯಲ್ಲ, ಮಾರ್ಗದರ್ಶಕರು ಹೇಳಿದರೆ ರಾತ್ರಿಯೂ ಕೆಲಸ ಮಾಡಬೇಕು, ಪ್ರಯೋಗಾಲಯದ ವಾತಾವರಣ ಕೆಡಿಸಬಾರದು. ಒಂದು ವರ್ಷದ ಕೆಲಸ ನೋಡಿದ ಮೇಲೆ ರಾಮನ್ ಅವರನ್ನು ಪೂರ್ಣ ವಿದ್ಯಾರ್ಥಿನಿಯಾಗಿ ಒಪ್ಪಿಕೊಂಡರು. ಕಮಲಾ ಅದನ್ನು ಮರೆಯಲಿಲ್ಲ. ಮುಪ್ಪಿನಲ್ಲಿ ನಡೆದ ಒಂದು ಸನ್ಮಾನದಲ್ಲಿ ಆ ಅವಮಾನವನ್ನು ಬಾಯಿಬಿಟ್ಟು ಹೇಳಿದರು. ನೊಬೆಲ್ ಪಡೆದವರೇ ಹೀಗಾದರೆ ಉಳಿದವರಿಂದ ಏನು ನಿರೀಕ್ಷಿಸುವುದು ಎಂಬ ಅರ್ಥದ ಮಾತು ಅದು.

ಈ ಪ್ರಸಂಗವನ್ನು ಈಗ ಎಲ್ಲರೂ ಬರೆಯುತ್ತಾರೆ. ಅವರ ಜನ್ಮದಿನಕ್ಕೆ 2023ರ ಜೂನ್ 18ರಂದು ಗೂಗಲ್ ಡೂಡಲ್ ಬಂದಾಗಲೂ ಪತ್ರಿಕೆಗಳಿಗೆ ಸಿಕ್ಕ ಸುದ್ದಿ ಇದೇ. ನನಗೆ ಅದಕ್ಕಿಂತ ಹೆಚ್ಚು ಕಾಡಿದ್ದು ಆ ಪ್ರವೇಶದ ನಂತರ ಏನಾಯಿತು ಎಂಬುದು. ಬಾಗಿಲಲ್ಲಿ ತಡೆದ ಕಥೆ ಎಲ್ಲರ ಬಾಯಲ್ಲಿದೆ, ಒಳಗೆ ಹೋಗಿ ಮಾಡಿದ ಕೆಲಸವನ್ನು ಹೇಳುವವರು ಕಡಿಮೆ.

ಒಳಗೆ ಸಿಕ್ಕ ಗುರು ಎಂ. ಶ್ರೀನಿವಾಸಯ್ಯ. ಮೈಸೂರು ಸೀಮೆಯ ಗಂಧದ ಮರಗಳನ್ನು ಒಣಗಿಸುತ್ತಿದ್ದ ಸ್ಪೈಕ್ ರೋಗದ ಬಗ್ಗೆ ಕೆಲಸ ಮಾಡಿದವರು. ಅವರ ಕೈಕೆಳಗೆ ಕಮಲಾ ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನುಗಳನ್ನು ಹಿಡಿದರು. 1935ರಲ್ಲಿ ‘ಬಯೋಕೆಮಿಕಲ್ ಜರ್ನಲ್’ನಲ್ಲಿ ಭಾಗವತ್ ಮತ್ತು ಶ್ರೀನಿವಾಸಯ್ಯ ಹೆಸರಿನಲ್ಲಿ ಬೇಳೆಕಾಳುಗಳಲ್ಲಿ ಪ್ರೋಟೀನಿನದಲ್ಲದ ಸಾರಜನಕ ಎಷ್ಟಿದೆ ಎಂಬ ಪ್ರಬಂಧ ಬಂತು. ಹೆಸರಿನ ಕ್ರಮ ಗಮನಿಸಿ: ವಿದ್ಯಾರ್ಥಿನಿ ಮೊದಲು, ಗುರು ಆಮೇಲೆ. ಎರಡು ವರ್ಷದ ಹಿಂದೆ ಒಳಗೆ ಬಿಡಲು ಒಪ್ಪದ ಸಂಸ್ಥೆಯಿಂದ ಅದೇ ಹುಡುಗಿಯ ಹೆಸರು ಮೊದಲಾಗಿ ಲಂಡನ್ನಿನ ಪತ್ರಿಕೆಗೆ ಹೋಯಿತು. ಈ ಪ್ರಬಂಧವನ್ನು ಯಾಕೆ ಹೊಗಳಬೇಕು ಎಂದು ಕೇಳಬಹುದು. ಒಂದು ಆಹಾರದಲ್ಲಿ ಪ್ರೋಟೀನು ಎಷ್ಟಿದೆ ಎಂದು ಹೇಳಲು ಆಗ ಸಾರಜನಕವನ್ನು ಅಳೆದು ಗುಣಿಸುತ್ತಿದ್ದರು, ಈಗಲೂ ಹಲವೆಡೆ ಅದೇ ಲೆಕ್ಕ. ಅದರಲ್ಲಿ ಪ್ರೋಟೀನಿನದಲ್ಲದ ಸಾರಜನಕವೂ ಸೇರಿಕೊಂಡರೆ ತೊಗರಿ, ಕಡಲೆಯ ಲೆಕ್ಕ ತಪ್ಪುತ್ತದೆ. ಮಾಂಸ ತಿನ್ನದ, ಬೇಳೆಯನ್ನೇ ನಂಬಿದ ಊರುಗಳ ಮಟ್ಟಿಗೆ ಇದು ಸಣ್ಣ ವಿಷಯವಲ್ಲ.

1936ರಲ್ಲಿ ಎಂ.ಎಸ್ಸಿ. ಮುಗಿಸಿ, ಮುಂದಿನ ವರ್ಷ ಕೇಂಬ್ರಿಜ್. ಹಾಪ್‌ಕಿನ್ಸ್ ಅವರ ಜೀವರಸಾಯನ ವಿಭಾಗದಲ್ಲಿ ಡೆರಿಕ್ ರಿಕ್ಟರ್ ಅವರ ಜೊತೆ ಕೆಲಸ, ಆಮೇಲೆ ಸಸ್ಯಗಳ ಮೇಲೆ ಕೆಲಸ ಮಾಡುತ್ತಿದ್ದ ರಾಬಿನ್ ಹಿಲ್ ಜೊತೆ. ಎರಡೇ ವರ್ಷದಲ್ಲಿ ಬಂದ ಪ್ರಬಂಧಗಳನ್ನು ನೋಡಿ. 1938ರಲ್ಲಿ ಭಾಗವತ್ ಮತ್ತು ರಿಕ್ಟರ್, ಪ್ರಾಣಿಗಳ ಫಿನೋಲೇಸ್ ಕಿಣ್ವಗಳು ಮತ್ತು ಅಡ್ರಿನಲಿನ್ ಬಗ್ಗೆ. 1939ರಲ್ಲಿ ಭಾಗವತ್, ಬ್ಲಾಷ್ಕೋ ಮತ್ತು ರಿಕ್ಟರ್, ಅಮೈನ್ ಆಕ್ಸಿಡೇಸ್ ಬಗ್ಗೆ. ಅದೇ ವರ್ಷ ‘ನೇಚರ್’ನಲ್ಲಿ ಹಿಲ್ ಮತ್ತು ಭಾಗವತ್, ಹೂಬಿಡುವ ಗಿಡಗಳಲ್ಲಿ ಸೈಟೋಕ್ರೋಮ್ ಆಕ್ಸಿಡೇಸ್ ಬಗ್ಗೆ. ಈ ಕೊನೆಯದು ಅವರ ಹೆಸರಿಗೆ ಅಂಟಿಕೊಂಡಿರುವ ಕೆಲಸ. ಪ್ರಾಣಿಗಳ ಜೀವಕೋಶ ಉಸಿರಾಡುವಾಗ ಎಲೆಕ್ಟ್ರಾನುಗಳನ್ನು ಕೈಯಿಂದ ಕೈಗೆ ದಾಟಿಸುವ ಬಣ್ಣದ ಪ್ರೋಟೀನು ಸೈಟೋಕ್ರೋಮ್. ಅದಕ್ಕೆ ಆ ಹೆಸರು ಕೊಟ್ಟದ್ದು ಕೇಂಬ್ರಿಜ್‌ನವರೇ ಆದ ಡೇವಿಡ್ ಕೈಲಿನ್, 1925ರಲ್ಲಿ. ಆಲೂಗಡ್ಡೆಯ ಮೇಲೆ ಕೆಲಸ ಮಾಡುತ್ತ ಕಮಲಾ ಸಸ್ಯದ ಜೀವಕೋಶಗಳ ಉಸಿರಾಟದಲ್ಲೂ ಸೈಟೋಕ್ರೋಮ್ ಸಿಯ ಪಾತ್ರವಿದೆ ಎಂದು ತೋರಿಸಿದರು. ಹದಿನಾಲ್ಕು ತಿಂಗಳಲ್ಲಿ ಪಿಎಚ್.ಡಿ., ಥೀಸಿಸ್ಸಿನ ಉದ್ದ ಸುಮಾರು 40 ಪುಟ. ಐದನೇ ವರ್ಷದಲ್ಲಿ ಮುನ್ನೂರನೇ ಪುಟ ಬರೆಯುತ್ತಿರುವ ನನ್ನಂಥವರು ಇದನ್ನು ಓದಿ ಸ್ವಲ್ಪ ಹೊತ್ತು ಕಿಟಕಿಯ ಹೊರಗೆ ನೋಡಬೇಕಾಗುತ್ತದೆ.

ವಿಜ್ಞಾನದಲ್ಲಿ ಪಿಎಚ್.ಡಿ. ಪಡೆದ ಮೊದಲ ಭಾರತೀಯ ಮಹಿಳೆ ಎಂದು ಎಲ್ಲೆಡೆ ಬರೆಯುತ್ತಾರೆ. ಈ ‘ಮೊದಲ’ ಎಂಬ ಪದದ ಬಗ್ಗೆ ನನಗೆ ಅನುಮಾನವಿದೆ. ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ 1931ರಲ್ಲೇ ಮಿಶಿಗನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದಿದ್ದರು. ಪಿಎಚ್.ಡಿ. ಬೇರೆ, ಡಿ.ಎಸ್ಸಿ. ಬೇರೆ ಎಂದು ವಾದಿಸಬಹುದು. ಆದರೆ ಕಮಲಾ ಅವರನ್ನು ನೆನೆಯಲು ಆ ಪಟ್ಟ ಬೇಕಾಗಿಯೇ ಇಲ್ಲ, ಪ್ರಬಂಧಗಳು ಸಾಕು.

ಈಗ ಪ್ರಬಂಧಗಳ ಭವಿಷ್ಯಕ್ಕೆ ಬರೋಣ. ಸೋಹೋನಿ ಮತ್ತು ಅಂಬೆ ಅವರ ಅವರೆಕಾಳಿನ ಟಿಪ್ಪಣಿ ಬಂದ 1955ರಲ್ಲೇ ಅಮೆರಿಕದ ಯೂಜೀನ್ ಗಾರ್ಫೀಲ್ಡ್ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಸಲಹೆ ಮುಂದಿಟ್ಟರು. ಪ್ರತಿ ಪ್ರಬಂಧವೂ ತನಗಿಂತ ಹಿಂದಿನ ಪ್ರಬಂಧಗಳನ್ನು ಉಲ್ಲೇಖಿಸುತ್ತದೆ. ಇದನ್ನೇ ತಿರುಗಿಸಿ, ಒಂದು ಹಳೆಯ ಪ್ರಬಂಧವನ್ನು ಆಮೇಲೆ ಯಾರು ಯಾರು ಉಲ್ಲೇಖಿಸಿದರು ಎಂಬ ಸೂಚಿ ಮಾಡಿದರೆ? ಅಮೆರಿಕದ ವಕೀಲರು ಹಳೆಯ ತೀರ್ಪುಗಳ ಜಾಡು ಹಿಡಿಯಲು 1873ರಿಂದ ಬಳಸುತ್ತಿದ್ದ ಶೆಪರ್ಡ್ ಸೂಚಿ ಅವರಿಗೆ ಮಾದರಿ. ತಪ್ಪು, ಅಪೂರ್ಣ ಅಥವಾ ಹಳತಾದ ಮಾಹಿತಿಯನ್ನು ಜನ ಕಣ್ಣುಮುಚ್ಚಿ ಉಲ್ಲೇಖಿಸುವುದು ತಪ್ಪಲಿ ಎಂಬುದು ಅವರ ಆಸೆ. ವಿಜ್ಞಾನಿಗಳಿಗೆ ಅಂಕ ಕೊಡುವುದು ಮೊದಲ ಉದ್ದೇಶವಾಗಿರಲಿಲ್ಲ. 1964ರಲ್ಲಿ ‘ಸೈನ್ಸ್ ಸೈಟೇಶನ್ ಇಂಡೆಕ್ಸ್’ ದಪ್ಪ ದಪ್ಪ ಸಂಪುಟಗಳಾಗಿ ಹೊರಬಂತು. ಹುಡುಕುವ ಸಾಧನ ಬರಬರುತ್ತ ತೂಗುವ ತಕ್ಕಡಿಯಾಯಿತು. 2005ರಲ್ಲಿ ಭೌತವಿಜ್ಞಾನಿ ಹಿರ್ಶ್ ಎಚ್-ಇಂಡೆಕ್ಸ್ ತಂದರು: ಒಬ್ಬರ ಹತ್ತು ಪ್ರಬಂಧಗಳಿಗೆ ತಲಾ ಹತ್ತಾದರೂ ಉಲ್ಲೇಖ ಇದ್ದರೆ ಅವರ ಎಚ್ ಹತ್ತು. ಒಂದು ಬದುಕಿನ ಕೆಲಸ ಒಂದು ಅಂಕಿಗೆ ಬಂದು ನಿಂತಿತು.

ಈ ತಕ್ಕಡಿಯಲ್ಲಿ ಅತಿ ಹೆಚ್ಚು ತೂಗುವವರೂ ಜೀವರಸಾಯನದವರೇ. 2014ರಲ್ಲಿ ‘ನೇಚರ್’ ಪತ್ರಿಕೆ ಅತಿ ಹೆಚ್ಚು ಉಲ್ಲೇಖ ಪಡೆದ ನೂರು ಪ್ರಬಂಧಗಳ ಪಟ್ಟಿ ಮಾಡಿತು. ಮೊದಲ ಸ್ಥಾನ ಆಲಿವರ್ ಲೌರಿ ಮತ್ತು ಸಂಗಡಿಗರ 1951ರ ಪ್ರಬಂಧಕ್ಕೆ, 3 ಲಕ್ಷಕ್ಕೂ ಹೆಚ್ಚು ಉಲ್ಲೇಖ. ಅದರಲ್ಲಿ ಹೊಸ ಸತ್ಯವೇನಿಲ್ಲ, ದ್ರಾವಣದಲ್ಲಿ ಎಷ್ಟು ಪ್ರೋಟೀನು ಇದೆ ಎಂದು ಅಳೆಯುವ ವಿಧಾನ ಅಷ್ಟೆ. ಎರಡನೆಯದು ಮತ್ತು ಮೂರನೆಯದೂ ಪ್ರೋಟೀನಿನ ವಿಧಾನಗಳೇ. ಅದೇನೂ ದೊಡ್ಡ ಪ್ರಬಂಧವಲ್ಲ ಎಂದು ಲೌರಿಯೇ ಒಂದು ಪತ್ರದಲ್ಲಿ ಒಪ್ಪಿಕೊಂಡಿದ್ದರು, ಆದರೂ ಆ ಉಲ್ಲೇಖಗಳಿಂದ ಒಳಗೊಳಗೇ ಖುಷಿಯಾಗುತ್ತದೆ ಎಂದೂ ಸೇರಿಸಿದ್ದರು. ಪಟ್ಟಿಗೆ ಸೇರಲು 12 ಸಾವಿರಕ್ಕೂ ಹೆಚ್ಚು ಉಲ್ಲೇಖ ಬೇಕಿತ್ತು. ಡಿಎನ್‌ಎ ರಚನೆ ಹೇಳಿದ ವಾಟ್ಸನ್ ಮತ್ತು ಕ್ರಿಕ್ ಅವರ ಪ್ರಬಂಧಕ್ಕೆ ಅದರಲ್ಲಿ ಜಾಗ ಸಿಗಲಿಲ್ಲ. ಅಡಿಗೆ ಎಷ್ಟೇ ಚೆನ್ನಾಗಿರಲಿ, ಎಲ್ಲ ಮನೆಗೂ ಬೇಕಾದದ್ದು ಅಳತೆಯ ಲೋಟ.

ಕಮಲಾ ಅವರ ಕೆಲಸ ಈ ಲೆಕ್ಕದಲ್ಲಿ ಎಲ್ಲೆಲ್ಲಿ ಸೋರಿಹೋಗುತ್ತದೆ ಎಂದು ನೋಡುವುದು ನನಗೆ ಇತಿಹಾಸದ ಒಳ್ಳೆಯ ಪಾಠವಾಯಿತು. ಗಾರ್ಫೀಲ್ಡರ ಅಚ್ಚಿನ ಸೂಚಿಯಲ್ಲಿ ಉಲ್ಲೇಖಿತ ಪ್ರಬಂಧ ಮೊದಲ ಲೇಖಕರ ಹೆಸರಿನ ಕೆಳಗೆ ಮಾತ್ರ ನಿಲ್ಲುತ್ತಿತ್ತು. ‘ನೇಚರ್’ನ ಸೈಟೋಕ್ರೋಮ್ ಟಿಪ್ಪಣಿ ಹಿಲ್ ಹೆಸರಿನ ಕೆಳಗೆ ಹೋಗಬೇಕು. ಅದೇ ಕೆಲಸದ ವಿಸ್ತಾರ ರೂಪ ‘ನ್ಯೂ ಫೈಟಾಲಜಿಸ್ಟ್’ನಲ್ಲಿ ಬಂದದ್ದು 1951ರಲ್ಲಿ, ಹನ್ನೆರಡು ವರ್ಷ ತಡವಾಗಿ, ಭಾಗವತ್ ಮತ್ತು ಹಿಲ್ ಎಂಬ ಕ್ರಮದಲ್ಲಿ. ಕಮಲಾ 1947ರಲ್ಲಿ ವಿಮಾಗಣಿತಜ್ಞ ಎಂ. ವಿ. ಸೋಹೋನಿ ಅವರನ್ನು ಮದುವೆಯಾಗಿ ನಾಲ್ಕು ವರ್ಷವಾಗಿತ್ತು. ಅಂದರೆ ಅದು ಹಳೆಯ ಹೆಸರಿನಲ್ಲಿ ಬಂದ ಹಳೆಯ ಕೆಲಸ. ಇತ್ತ ಮುಂಬೈಯ ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ ಪ್ರೊಫೆಸರ್ ಸೋಹೋನಿ ಹೊಸ ವಿಭಾಗ ಕಟ್ಟುತ್ತಿದ್ದರು. ಕೇಂಬ್ರಿಜ್‌ನಲ್ಲಿ ‘ನ್ಯೂ ಫೈಟಾಲಜಿಸ್ಟ್’ ಓದಿದವರಿಗೆ ಆ ಭಾಗವತ್ ಈಗ ಅವರೆಕಾಳು ಕುದಿಸುತ್ತಿದ್ದಾರೆ ಎಂದು ತಿಳಿಯಲು ದಾರಿ ಇರಲಿಲ್ಲ.

1939ರ ಅಮೈನ್ ಆಕ್ಸಿಡೇಸ್ ಪ್ರಬಂಧದ ಕಥೆ ಇನ್ನೊಂದು ಬಗೆ. ಅಡ್ರಿನಲಿನ್‌ನಂಥ ವಸ್ತುಗಳನ್ನು ಮೈಯೊಳಗೆ ಒಡೆಯುವ ಈ ಕಿಣ್ವ ಆಗ ಕೆಲವೇ ತಜ್ಞರ ಆಸಕ್ತಿ. 1950ರ ದಶಕದಲ್ಲಿ ಕ್ಷಯರೋಗಕ್ಕೆಂದು ಬಂದ ಐಪ್ರೋನಿಯಜಿಡ್ ಎಂಬ ಔಷಧಿ ಇದೇ ಕಿಣ್ವವನ್ನು ತಡೆಯುತ್ತದೆ, ರೋಗಿಗಳ ಮನಸ್ಸನ್ನೂ ಎತ್ತುತ್ತದೆ ಎಂದು ಗೊತ್ತಾದ ಮೇಲೆ ಖಿನ್ನತೆಯ ಔಷಧಿಗಳ ಒಂದು ವರ್ಗವೇ ಹುಟ್ಟಿತು. ಹಳೆಯ ಕಡತಗಳು ಮತ್ತೆ ಬಿಚ್ಚಿದವು. ಆಗ ಆ ಪ್ರಬಂಧವನ್ನು ಉಲ್ಲೇಖಿಸಿದವರು ಬರೆದದ್ದು ಭಾಗವತ್ ಎಂದು.

ಇನ್ನು ಮುಂಬೈ ಕಾಲದ ಕೆಲಸ. ಇಲ್ಲಿ ಹೆಸರಿನ ಜೊತೆಗೆ ವಿಳಾಸವೂ ತೊಡಕಾಯಿತು. ಭಾರತೀಯ ಆಹಾರಗಳಲ್ಲಿನ ಟ್ರಿಪ್ಸಿನ್ ತಡೆಕಾರಿಗಳ ಮೇಲೆ ಎ. ಪಿ. ಭಂಡಾರ್ಕರ್ ಜೊತೆ ಬರೆದ ಪ್ರಬಂಧಗಳು 1954 ಮತ್ತು 1955ರಲ್ಲಿ ಬಂದದ್ದು ದೆಹಲಿಯ ‘ಜರ್ನಲ್ ಆಫ್ ಸೈಂಟಿಫಿಕ್ ಅಂಡ್ ಇಂಡಸ್ಟ್ರಿಯಲ್ ರಿಸರ್ಚ್’ನಲ್ಲಿ. ಮೊದಲು ತರಕಾರಿ, ಆಮೇಲೆ ಬೇಳೆಕಾಳು. ನಮ್ಮ ಸಂತೆಯಲ್ಲಿ ಸಿಗುವ ಸಾಮಾನಿನ ಮೇಲಿನ ಸಂಶೋಧನೆ ನಮ್ಮ ದೇಶದ ಪತ್ರಿಕೆಯಲ್ಲಿ ಬಂದರೆ ಅದು ಸರಿಯಾದದ್ದೇ, ಆದರೆ ಉಲ್ಲೇಖದ ಮಾರುಕಟ್ಟೆ ಇದ್ದದ್ದು ಬೇರೆ ಕಡೆ. ವಿದ್ಯಾರ್ಥಿಗಳೊಂದಿಗೆ ಅವರು ಕೈಗೆತ್ತಿಕೊಂಡ ಇನ್ನೊಂದು ವಸ್ತು ನೀರಾ, ಅಂದರೆ ತಾಳೆಯ ಹುಳಿಯಾಗದ ರಸ. ಅದರ ಕಡೆ ಅವರನ್ನು ತಿರುಗಿಸಿದ್ದು ರಾಷ್ಟ್ರಪತಿ ರಾಜೇಂದ್ರ ಪ್ರಸಾದ್ ಅವರ ಸಲಹೆ. ಬಡ ಮಕ್ಕಳ ಮತ್ತು ಬಸುರಿಯರ ಪೋಷಣೆಗೆ ಅದು ಒದಗುತ್ತದೆ ಎಂದು ತೋರಿಸಿದ್ದಕ್ಕೆ ರಾಷ್ಟ್ರಪತಿ ಪ್ರಶಸ್ತಿಯೂ ಬಂತು. ಬೆಲ್ಲದ ಸೀಮೆಯವಳಾದ ನನಗೆ, ಹಿರಣ್ಯಕೇಶಿ ದಂಡೆಯ ಕಬ್ಬು ನೋಡುತ್ತ ಬೆಳೆದವಳಿಗೆ, ಒಬ್ಬ ಕೇಂಬ್ರಿಜ್ ಪಿಎಚ್.ಡಿ. ತಾಳೆಬೆಲ್ಲವನ್ನು ಗಂಭೀರವಾಗಿ ತೆಗೆದುಕೊಂಡದ್ದು ಖುಷಿಯ ಸಂಗತಿ. ಆಮೇಲೆ ಅವರು 1966ರಲ್ಲಿ ಮುಂಬೈಯ ಒಂಬತ್ತು ಮಹಿಳೆಯರು ಶುರು ಮಾಡಿದ ಗ್ರಾಹಕರ ಸಂಸ್ಥೆ, ಕನ್ಸ್ಯೂಮರ್ ಗೈಡೆನ್ಸ್ ಸೊಸೈಟಿಯಲ್ಲಿ ದುಡಿದರು, ಅದರ ಅಧ್ಯಕ್ಷರೂ ಆದರು, ಅದರ ‘ಕೀಮತ್’ ಪತ್ರಿಕೆಗೆ ಬರೆದರು. ‘ಕೀಮತ್’ ಲೇಖನಗಳಿಗೆ ಎಚ್-ಇಂಡೆಕ್ಸ್ ಇಲ್ಲ.

ಅವರೆಕಾಳಿನ ವಿಷಯಕ್ಕೆ ಮತ್ತೆ ಬರುತ್ತೇನೆ, ಯಾಕೆಂದರೆ ಕಾಳಿಗೂ ಹೆಸರು ಬದಲಾಗಿದೆ. ಲಿನೇಯಸ್ ಅದಕ್ಕೆ ಡೋಲಿಕೋಸ್ ಲ್ಯಾಬ್‌ಲ್ಯಾಬ್ ಎಂದು ಕರೆದ. ಈಗಿನ ಶಾಸ್ತ್ರೀಯ ಹೆಸರು ಲ್ಯಾಬ್‌ಲ್ಯಾಬ್ ಪರ್ಪ್ಯೂರಿಯಸ್. ಆದರೆ ಸಸ್ಯಶಾಸ್ತ್ರಜ್ಞರು ಹಳೆಯ ಹೆಸರನ್ನು ಬಿಸಾಡುವುದಿಲ್ಲ. ಹೊಸ ಹೆಸರಿನ ಜೊತೆ ಹಳೆಯದು ಪರ್ಯಾಯನಾಮವಾಗಿ ದಾಖಲಾಗುತ್ತದೆ, ಮೊದಲು ಹೆಸರಿಟ್ಟವನ ಗುರುತನ್ನೂ ಆವರಣದಲ್ಲಿ ಉಳಿಸುತ್ತಾರೆ. 1955ರ ಪ್ರಬಂಧದ ಕಾಳು ಯಾವುದು ಎಂದು ಇವತ್ತು ಯಾರೂ ಗೊಂದಲಪಡುವುದಿಲ್ಲ. ಅದನ್ನು ಬರೆದವರು ಯಾರು ಎಂಬುದಕ್ಕೆ ಅಂಥ ಪದ್ಧತಿ ಇರಲಿಲ್ಲ. ಸಂಶೋಧಕರಿಗೆ ಬದಲಾಗದ ಗುರುತಿನ ಸಂಖ್ಯೆ ಕೊಡುವ ಆರ್ಕಿಡ್ ವ್ಯವಸ್ಥೆ ಶುರುವಾದದ್ದೇ 2012ರಲ್ಲಿ.

ಈ ಕಥೆಯ ಪಕ್ಕದಲ್ಲಿ ಇನ್ನೊಬ್ಬ ಹೆಣ್ಣುಮಗಳು ನಿಂತಿದ್ದಾರೆ. ಕಮಲಾ ಅವರ ಅಕ್ಕ ದುರ್ಗಾ ಭಾಗವತ್, ಮರಾಠಿಯ ದೊಡ್ಡ ಲೇಖಕಿ. ಎರಡು ಭಾಷೆ ಆಡುವ ನಮ್ಮ ಊರಿನಲ್ಲಿ ಅವರ ಹೆಸರು ಬಲ್ಲವರು ಈಗಲೂ ಇದ್ದಾರೆ. ನಮ್ಮ ಅವ್ವನ ಕಪಾಟಿನಲ್ಲಿ ‘ವ್ಯಾಸಪರ್ವ’ ಮತ್ತು ‘ಪೈಸ’ ಪಕ್ಕಪಕ್ಕದಲ್ಲಿವೆ. ‘ಪೈಸ’ಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1971ರಲ್ಲಿ. ನಮ್ಮ ಊರಿನ ಬದಿಯ ಪುಣೆ ಹೆದ್ದಾರಿ ಹಿಡಿದು ಕೊಲ್ಲಾಪುರ ದಾಟಿದರೆ ಕರಾಡ ಸಿಗುತ್ತದೆ. ಅಲ್ಲಿ 1975ರ ಮರಾಠಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷೆಯಾಗಿ ದುರ್ಗಾಬಾಯಿ, ಯಶವಂತರಾವ್ ಚವ್ಹಾಣ್ ಅವರು ವೇದಿಕೆಯಲ್ಲಿದ್ದಾಗಲೇ, ತುರ್ತುಪರಿಸ್ಥಿತಿಯನ್ನು ಖಂಡಿಸಿದರು. ಮುಂದೆ ಬಂಧನಕ್ಕೂ ಒಳಗಾದರು. ಅವರು ಮದುವೆಯಾಗಲಿಲ್ಲ. ಕಪಾಟಿನಲ್ಲಿ ಅವರ ಪುಸ್ತಕಗಳೆಲ್ಲ ಒಂದೇ ಹೆಸರಿನಲ್ಲಿ ಒಟ್ಟಿಗೆ ನಿಂತಿವೆ. ಅವ್ವನಿಗೆ ದುರ್ಗಾಬಾಯಿಗೆ ಒಬ್ಬ ವಿಜ್ಞಾನಿ ತಂಗಿ ಇದ್ದದ್ದು ನಾನು ಹೇಳುವವರೆಗೆ ಗೊತ್ತಿರಲಿಲ್ಲ. “ಸೋಹೋನಿ ಅಂದರ ಹೆಂಗ ತಿಳೀಬೇಕು?” ಎಂದಳು.

ಕಮಲಾ ತಾವು ದುಡಿದ ಸಂಸ್ಥೆಯ ನಿರ್ದೇಶಕರಾದರು, ಆದರೆ ಸಿಗಬೇಕಾದ ಕಾಲಕ್ಕಿಂತ ನಾಲ್ಕು ವರ್ಷ ತಡವಾಗಿ. 1998ರಲ್ಲಿ ತೀರಿಕೊಂಡರು. ಅದಕ್ಕೆ ಸ್ವಲ್ಪ ಮುಂಚೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ದೆಹಲಿಯಲ್ಲಿ ಅವರನ್ನು ಸನ್ಮಾನಿಸುತ್ತಿದ್ದಾಗ ಕುಸಿದಿದ್ದರು.

ಈಗ ನನ್ನ ಕಾರಣ. ನಮ್ಮ ಕಡೆ ಹೆಣ್ಣುಮಕ್ಕಳ ಹೆಸರು ಮೂರು ತುಂಡು: ಸ್ವಂತದ್ದು, ಅಪ್ಪನದು, ಅಡ್ಡಹೆಸರು. ಮದುವೆಯಾದರೆ ಕೊನೆಯ ಎರಡೂ ಬದಲಾಗುತ್ತವೆ. ನನಗೆ ಪಾಠ ಹೇಳಿದ ಒಬ್ಬ ಮೇಡಂ ಇಂದಿಗೂ ಸಂದರ್ಶನಗಳಿಗೆ ಹೋಗುವಾಗ ಒಂದು ಅಫಿಡವಿಟ್ ಒಯ್ಯುತ್ತಾರೆ, ಈ ಎರಡು ಹೆಸರಿನವರೂ ಒಬ್ಬರೇ ಎಂದು. ಹತ್ತನೇ ತರಗತಿಯ ಮಾರ್ಕ್ಸ್ ಕಾರ್ಡಿನಿಂದ ಎಂ.ಎ.ವರೆಗೆ ಒಂದು ಹೆಸರು, ಪಿಎಚ್.ಡಿ. ಇನ್ನೊಂದು ಹೆಸರು, ಲೇಖನಗಳು ಎರಡರಲ್ಲೂ ಹಂಚಿಹೋಗಿವೆ. ಥೀಸಿಸ್ ಕೊಡುವ ಮೊದಲು ಪ್ರಬಂಧ ಪ್ರಕಟಿಸಲೇಬೇಕೆಂಬ ನಿಯಮವನ್ನು ಯುಜಿಸಿ 2022ರಲ್ಲಿ ಕೈಬಿಟ್ಟಿತು, ಆದರೆ ಕೆಲಸದ ಅರ್ಜಿಯಲ್ಲಿ ಪ್ರಬಂಧಗಳ ಪಟ್ಟಿಯ ಕಾಲಂ ಹಾಗೇ ಇದೆ.

ಹೋದ ತಿಂಗಳು ನನ್ನ ಮೊದಲ ಪ್ರಬಂಧದ ಪ್ರೂಫ್ ಬಂತು. ಲೇಖಕರ ಹೆಸರು ಹೇಗೆ ಅಚ್ಚಾಗಬೇಕೋ ಹಾಗೆಯೇ ಬರೆಯಿರಿ, ಆಮೇಲೆ ಬದಲಾವಣೆ ಇಲ್ಲ ಎಂದು ಅದರ ಜೊತೆಗಿನ ಕಾಗದದಲ್ಲಿತ್ತು. ಬರುವ ಬೇಸಿಗೆಗೆ ನನ್ನ ಮದುವೆ. ಈ ಕಾಗದ ಮುಂದಿಟ್ಟುಕೊಂಡೇ ಕಮಲಾ ಅವರ ಎರಡು ಪಟ್ಟಿಗಳನ್ನು ಹುಡುಕಲು ಶುರು ಮಾಡಿದ್ದು. ವಾಪಸ್ ಕಳಿಸಲು ಮೂರು ದಿನ ಗಡುವು ಇತ್ತು. ಮೂರನೆಯ ದಿನ ಈಗಿನ ಹೆಸರನ್ನೇ ಹಾಕಿ, ಮುಂದೆ ಬರೆಯುವುದೆಲ್ಲ ಇದೇ ಹೆಸರಿನಲ್ಲಿ ಎಂದು ನಿರ್ಧರಿಸಿ ಕಳಿಸಿದೆ. ಅವ್ವನಿಗೆ ಫೋನ್ ಮಾಡಿ ಹೇಳಿದಾಗ ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: “ಅವರ ಮನ್ಯಾಗ ಹೇಳಿಯೇನು?”

ಇನ್ನೂ ಹೇಳಿಲ್ಲ.